ಜೂನ್ ಒಂದು

ಜೀಲಾಂಗ್ ದಾಟುವ ಮೊದಲೇ ವ್ಯಾನಿನ ಬಾಗಿಲು ಕೈಕೊಟ್ಟಿತು.
ಜಾರು ಅಂದರೆ ಜಾರದು, ಜಾರಿದರೆ ನಿಲ್ಲದು.
ಜೆಸಿಂತಾ ಚೀಲ ಕೆದಕಿ, ಲಂಗದಿಂದ ಲಾಡಿ ಎಳೆದು
ಗಂಟು ಹಾಕಿದಳು, ಅವಳಪ್ಪ ದೋಣಿಗೆ ಹಾಕುತ್ತಿದ್ದಂಥದು.
ಅಲ್ಲಿಂದಾಚೆ ಇಡೀ ದಾರಿ
ಆ ಲಾಡಿಯ ದಯೆಯಲ್ಲಿ
ನಾವು ನಾಲ್ವರು, ಒಂದು ಕುಕ್ಕರು, ಜೋಳದ ಹಿಟ್ಟು,
ಎಡಗಡೆ ಪೂರ್ತಿ ಸಮುದ್ರ.

ಡೆಸ್ಪಿನಾ ಓಡಿಸುತ್ತಾಳೆ. ಮೂವತ್ತು ವರ್ಷ ಸಿಟಿ ಬಸ್ಸು ಓಡಿಸಿದವಳು;
ತಿರುವು ಬಂದಾಗೆಲ್ಲ ಕನ್ನಡಿಯಲ್ಲಿ ನಮ್ಮನ್ನು ಎಣಿಸುತ್ತಾಳೆ.
ಹಿಂದಿನ ಸೀಟಿನಲ್ಲಿ ನೀಲವ್ವ, ಮಡಿಲಲ್ಲಿ ಡಬ್ಬಿ,
ತನ್ನ ಕೇಕನ್ನು ತಾನೇ ಕಾಯುತ್ತ.

ಇವತ್ತಿಗೆ ಅವಳಿಗೆ ಅರವತ್ತು.
ಅಂದರೆ, ಅವಳ ಪಾಸ್‌ಪೋರ್ಟಿಗೆ.

"ಖರೇ ತಾರೀಕ ಯಾರು ಬರದಿಟ್ಟಾರವಾ?
ಅವ್ವಗ ಕೇಳಿದ್ರ, ಶೇಂಗಾ ಹರಿಯೂ ಮುಂದ ಹುಟ್ಟೀದಿ, ಅಂತಿದ್ಲು.
ಯಾವ ವರ್ಷದ ಶೇಂಗಾ ಅಂದ್ರ
ಆ ವರ್ಷ ಕಾಳು ಸಣ್ಣ ಆಗಿದ್ವು, ಅಂತಿದ್ಲು.
ಸಾಲಿಗೆ ಹಚ್ಚಾಕ ಹ್ವಾದ್ರ ಮಾಸ್ತರು ನನ್ನ ಬಲಗೈ
ತಲಿ ಮ್ಯಾಲೆ ಹಾಯಿಸಿ ಎಡಗಿವಿ ಹಿಡಿ ಅಂದ್ರು.
ಹಿಡದ್ನಿ.
ಆರು ತುಂಬ್ಯಾವ, ಅಂದ್ರು. ಜೂನ್ ಒಂದು ಅಂತ ಬರದ್ರು.
ಅವತ್ತ ನಮ್ಮೂರಾಗ ಹದಿನೇಳು ಮಂದಿ ಹುಟ್ಟಿದ್ವಿ."

ಜೆಸಿಂತಾ ನಕ್ಕು ನಕ್ಕು ಕೆಮ್ಮಿದಳು.
ನಾನು ಕಿಟಕಿಯತ್ತ ತಿರುಗಿದೆ.
ನನ್ನ ಜಾತಕ ಬ್ಯಾಂಕಿನ ಲಾಕರಿನಲ್ಲಿದೆ, ಘಳಿಗೆ ವಿಘಳಿಗೆ ಸಮೇತ.
ನಾನು ಹುಟ್ಟುವ ಹೊತ್ತಿಗೆ ಗಡಿಯಾರ ಹಿಡಿದು
ಬಾಗಿಲಾಚೆ ನಿಂತಿದ್ದರಂತೆ ಅಜ್ಜ.
ಇದನ್ನು ಇಲ್ಲಿ ಹೇಳಬಾರದು ಅನ್ನಿಸಿತು; ಹೇಳಲಿಲ್ಲ.

ಡೆಸ್ಪಿನಾಗೆ ಇಂಗ್ಲಿಷಿನಲ್ಲಿ ಒಪ್ಪಿಸಿದೆವು, ಕಿವಿ, ಶೇಂಗಾ, ಮಾಸ್ತರು, ಎಲ್ಲ.
ಗೇರು ಬದಲಿಸುತ್ತ ಅಂದಳು:
ನಮ್ಮ ಗ್ರೀಕರಲ್ಲಿ ಹುಟ್ಟಿದ ದಿನಕ್ಕಿಂತ ಹೆಸರಿನ ದಿನವೇ ದೊಡ್ಡದು,
ಅವತ್ತು ಕರೆಯದೆಯೂ ಜನ ಮನೆಗೆ ಬರುತ್ತಾರೆ.
"ಹಂಗಿದ್ರ ಚಲೋ," ಎಂದಳು ನೀಲವ್ವ.

ವಾರ್ನಂಬೂಲ್. ತಿಮಿಂಗಿಲ ನೋಡಲೆಂದೇ ಕಟ್ಟಿದ ಅಟ್ಟಣಿಗೆ.
ಹಲಗೆಯ ಮೇಲೆ ಸೀಮೆಸುಣ್ಣದಲ್ಲಿ ಯಾರೋ ಬರೆದಿದ್ದರು:
ಮೇ ಮೂವತ್ತು, ಬೆಳಿಗ್ಗೆ, ಒಂದು ತಾಯಿ.
"ಇದಕ್ಕೂ ತಾರೀಕ ಹಚ್ಯಾರ ನೋಡು."
ಎರಡು ಗಂಟೆ ನಿಂತೆವು. ಮೂಗು ಮರಗಟ್ಟಿತು.
ತಿಮಿಂಗಿಲ ಬರಲಿಲ್ಲ.
ಸಮುದ್ರ ಮಾತ್ರ ಬಂದು ಹೋಗಿ ಮಾಡುತ್ತಿತ್ತು,
ಜೂನಿನ ಚಳಿಗೆ ಸೀಸದ ಬಣ್ಣ.

ಐದೂವರೆಗೇ ಕತ್ತಲು.
ಸೂಪರ್‌ಮಾರ್ಕೆಟ್ಟಿನಲ್ಲಿ ಅಂಕಿ ಮೇಣದಬತ್ತಿಯ ಆರು ಸಿಕ್ಕಿತ್ತು, ಸೊನ್ನೆ ಖಾಲಿ.
ಆರರ ಪಕ್ಕ ಒಂದು ಕೋಡುಬಳೆ ಮಲಗಿಸಿದೆ.
ಗಾಳಿ ಕಡ್ಡಿಯ ಮೇಲೆ ಕಡ್ಡಿ ನುಂಗಿತು. ಕೊನೆಗೆ
ಕೇಕಿನ ಆ ತುಂಡನ್ನು ಕುಕ್ಕರಿನೊಳಗಿಳಿಸಿ
ಅದರ ಮರೆಯಲ್ಲಿ ಹಚ್ಚಿದೆವು.
ನೀಲವ್ವ ಬಾವಿಗೆ ಬಗ್ಗಿದಂತೆ ಬಗ್ಗಿ ಊದಿದಳು.

ಆಮೇಲೆ ಯಾರು ಶುರು ಮಾಡಿದರೋ,
ವ್ಯಾನಿನೊಳಗೆ ಸಾಲಾಗಿ ಕಿವಿ ಹಿಡಿಯಲು ನಿಂತೆವು.
ಜೆಸಿಂತಾ ಪಾಸು. ನಾನು ಪಾಸು. ಡೆಸ್ಪಿನಾ ಓಲೆ ಸಮೇತ ಪಾಸು.
ನೀಲವ್ವನ ಬಲಗೈ ಹೆಗಲ ಮಟ್ಟಕ್ಕೆ ಬಂದು ನಿಂತಿತು.
ಇಪ್ಪತ್ತೆರಡು ವರ್ಷ ವೃದ್ಧಾಶ್ರಮದಲ್ಲಿ
ಹಾಸಿಗೆಯಿಂದ ಕುರ್ಚಿಗೆ, ಕುರ್ಚಿಯಿಂದ ಹಾಸಿಗೆಗೆ
ಪರರ ಅಪ್ಪ ಅಮ್ಮಂದಿರನ್ನು ಎತ್ತಿ ಇಳಿಸಿದ ಕೈ.
ಇನ್ನೊಮ್ಮೆ ಎತ್ತಿದಳು. ತಲೆಯನ್ನೇ ಬಾಗಿಸಿ ನೋಡಿದಳು.
ಇಲ್ಲ.

ಏನನ್ನಬೇಕೋ ನಮಗೆ ತಿಳಿಯಲಿಲ್ಲ.
ಅವಳೇ ಗಂಟಲು ಸರಿಮಾಡಿಕೊಂಡು, ಮಾಸ್ತರರ ದನಿಯಲ್ಲಿ:
"ಇನ್ನೂ ಆರು ತುಂಬಿಲ್ಲ ಇಕಿಗೆ.
ಮನಿಗೆ ಕರ್ಕೊಂಡು ಹೋಗ್ರಿ. ಮುಂದಿನ ವರ್ಷ ನೋಡೂಣು."

ನಾವು ನಕ್ಕ ನಗೆಗೆ ವ್ಯಾನು ಅಲುಗಿ
ಲಾಡಿ ಸಡಿಲಿ, ದಿನವಿಡೀ ಹಟ ಹಿಡಿದಿದ್ದ ಬಾಗಿಲು
ತಾನಾಗಿ ಜಾರಿತು. ಕಡಲ ಚಳಿ ಪೂರಾ ಒಳಗೆ.

ಬೆಳಿಗ್ಗೆ ಕುಕ್ಕರು ತೊಳೆಯಹೋದರೆ
ತಳದಲ್ಲಿ ಮುಕ್ಕಾಲು ಕರಗಿದ ಆರು.
ಸೊನ್ನೆಯನ್ನು ರಾತ್ರಿಯೇ ಯಾರೋ ತಿಂದಿದ್ದರು.