ಹತ್ತರಲ್ಲಿ ಏಳು

ಮಾಚೇನಹಳ್ಳಿಯ ಕೊನೇ ಶೆಡ್ಡು ನಮ್ಮದು.
ಬೋರ್ಡಿನ ಮೇಲೆ ಒಂಟಿ ಕಾಲಿನ ಬೆಳ್ಳಕ್ಕಿ.
ಬರೆದವನು ನೂರುಲ್ಲಾ; ಬಣ್ಣ ಉಳಿದಿದ್ದರೆ
ಇನ್ನೊಂದು ಕಾಲನ್ನೂ ಬರೆಯುತ್ತಿದ್ದನಂತೆ.

ಮಂಗಳವಾರ ಲಾರಿ ಬಂತು.
ಚೆನ್ನೈ ಬಂದರಿನ ಸೀಲು, ಅದರಾಚೆ ಕಡಲು,
ಕಡಲಾಚೆಯ ಊರಿನ ಹೆಸರು
ನನ್ನ ಬಾಯಲ್ಲಿ ಮೂರು ಸಲ ಮುರಿಯಿತು.
ನಲವತ್ತು ರಟ್ಟಿನ ಪೆಟ್ಟಿಗೆ,
ಒಂದೊಂದರೊಳಗೂ ಒಂದು ಫ್ರೇಮು
ಬಾಣಂತಿ ಕೋಣೆಯ ಕೂಸಿನ ಹಾಗೆ ಸುತ್ತಿಟ್ಟದ್ದು.

ತಿಪ್ಪೇಶ ಮೊದಲು ನೋಡುವುದು ಬೆಸುಗೆ.
ಕೊಳವೆ ಕೂಡುವಲ್ಲಿ ಉಗುರು ಹಾಯಿಸಿದ:
ಹಳೇ ನಾಲ್ಕಾಣೆಗಳನ್ನು ಸಾಲಾಗಿ ಒರಗಿಸಿಟ್ಟಂತೆ,
ಒಂದೂ ಉಬ್ಬಿಲ್ಲ, ಒಂದೂ ಜಾರಿಲ್ಲ.
'ಮೆಷಿನ್ನಾ?' ಅಂದೆ.
'ಅಲ್ಲ. ನೋಡಿ, ಇಲ್ಲಿ ಉಸಿರು ತಗೊಂಡಿದಾನೆ.'
ಕೂದಲೆಳೆಯಷ್ಟು ತಡೆದ ಗುರುತು.
ಆಮೇಲೆ ಊಟದವರೆಗೆ ಅವನು ಮಾತಾಡಲಿಲ್ಲ.
ಅವನಪ್ಪ ಭದ್ರಾವತಿಯ ಕುಲುಮೆಯ ಮುಂದೆ
ಮೂವತ್ತು ವರ್ಷ ನಿಂತವನು.

ರಾತ್ರಿ ಲೆಕ್ಕದ ಪುಸ್ತಕ ಬಿಚ್ಚಿದೆ.
ನಾವೇ ಕೊಯ್ದು, ಉಜ್ಜಿ, ಬೆಸೆದದ್ದಕ್ಕೆ
ನಾಲ್ಕು ಸಾವಿರದ ಇನ್ನೂರು, ಅದೂ ಕರೆಂಟು ಹೋಗದಿದ್ದರೆ.
ಹಡಗಿನಲ್ಲಿ ಬಂದದ್ದಕ್ಕೆ
ಸುಂಕ, ಲಾರಿ ಬಾಡಿಗೆ, ಡ್ರೈವರನ ಟೀ ಎಲ್ಲ ಸೇರಿ
ಎರಡು ಸಾವಿರದ ನೂರು.
ಸರಿಯಾಗಿ ಅರ್ಧ.
ಅವಮಾನಕ್ಕೂ ಸ್ವಲ್ಪ ಚಿಲ್ಲರೆ ಇರಬೇಕಿತ್ತು.

ಹತ್ತರಲ್ಲಿ ಏಳು ಅವರದು, ಮೂರು ನಮ್ಮದು.
ಏಳು ಮಾರಿದ ದುಡ್ಡಲ್ಲಿ ಮೂರು ಹುಟ್ಟುತ್ತವೆ.
ಎಂಟು ಮಾಡಿದರೆ ತಿಪ್ಪೇಶನಿಗೆ ವಾರಕ್ಕೆ ಮೂರೇ ದಿನ ಕೆಲಸ,
ಆರು ಮಾಡಿದರೆ ನನಗೆ ಬ್ಯಾಂಕಿನಿಂದ ಫೋನು.
ಹೀಗೆ ಏಳರ ಮೇಲೆ ಕೂತಿದ್ದೇನೆ,
ಸೀಟಿಲ್ಲದ ಸೈಕಲ್ಲಿನ ಮೇಲೆ ಕೂತ ಹಾಗೆ.

ಬೆಳ್ಳಕ್ಕಿಯ ಕೆಳಗೆ ಏನು ಬರೆಯಲಿ,
ಕುಂಚ ಅದ್ದಿಕೊಂಡು ಕೇಳಿದ ನೂರುಲ್ಲಾ.
ಮೂರಕ್ಕೆ 'ಶಿವಮೊಗ್ಗದಲ್ಲಿ ಮಾಡಿದ್ದು',
ಏಳಕ್ಕೆ 'ಶಿವಮೊಗ್ಗದಲ್ಲಿ ಜೋಡಿಸಿದ್ದು'.
ಬೆರಳು ಮಡಿಸಿ ಎಣಿಸಿದ:
'ಜೋಡಿಸಿದ್ದಕ್ಕೆ ಒಂದಕ್ಷರ ಜಾಸ್ತಿ ಆಗತ್ತೆ ಮೇಡಂ.
ಅಕ್ಷರಕ್ಕೆ ಎರಡು ರೂಪಾಯಿ.'
ಬರಿ ಅಂದೆ.

ಮಂಡಗದ್ದೆ ಕಡೆ ಅಂಚೆ ಹಂಚುವ ಕುಸುಮಾಕ್ಷಿ
ಹೋದ ವರ್ಷ ಒಯ್ದದ್ದು ನಮ್ಮ ಮೂರರಲ್ಲೊಂದು.
ಈಗ ಅದನ್ನು ಬಸ್ಸಿನ ಮೇಲೆ ಹಾಕಿಕೊಂಡು ಬಂದಳು.
ಸೀಟಿನ ಬುಡದಲ್ಲಿ ಬಿರುಕು.
ಬೈಯಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು.
ಎರಡು ಥರದ್ದನ್ನೂ ಒಂದೊಂದು ಕೈಲಿ ಎತ್ತಿ ನೋಡಿ
'ಆ ಕಡೆಯದು ಕೊಡಿ, ಹಗುರ ಇದೆ' ಅಂದಳು.
ತಿಪ್ಪೇಶ ಬಿರುಕಿನ ಫ್ರೇಮನ್ನು ಹೆಗಲಿಗೆ ಹಾಕಿ
ಹಿಂದಿನ ಕತ್ತಲಿಗೆ ಹೋದ.
ಬಹಳ ಹೊತ್ತು ಅರದ ಸದ್ದು ಬರುತ್ತಲೇ ಇತ್ತು.

ಶೆಡ್ಡು ದಾಟುವ ಮುನ್ನ ಮಾತ್ರ
ನಮ್ಮಲ್ಲಿ ಒಂದು ರೂಢಿಯಿದೆ.
ನಮ್ಮ ಗಾಳಿಯಲ್ಲಿ ನಾಲ್ಕು ತಿಂಗಳು ನೀರೇ.
ದೂರದ ಕೊಳವೆಗಳಿಗೆ ಅದು ಗೊತ್ತಿಲ್ಲ,
ಒಳಗೆ ಒಣಗಿಕೊಂಡೇ ಬರುತ್ತವೆ.
ಒಂದು ಲೋಟ ಹೊಂಗೆ ಎಣ್ಣೆ ಬಿಸಿ ಮಾಡಿ
ಸೀಟಿನ ಬಾಯಿಂದ ಹೊಯ್ದು,
ಅತ್ತ ಇತ್ತ ಹೊರಳಿಸಿ, ತಲೆಕೆಳಗು ತೂಗುಹಾಕುತ್ತೇವೆ.
ರಾತ್ರಿಯಿಡೀ ಡಬ್ಬಿಗೆ ತೊಟ್ಟಿಕ್ಕುತ್ತವೆ ಹತ್ತೂ.
ಆಗ ಯಾವುದು ಏಳು, ಯಾವುದು ಮೂರು
ಕತ್ತಲಲ್ಲಿ ನನಗೂ ತಿಳಿಯದು.

ಹದಿನೈದು ದಿನ ಬಿಟ್ಟು ಕುಸುಮಾಕ್ಷಿಯ ಫೋನು:
'ಗಾಡಿ ಚೆನ್ನಾಗಿದೆ ಮೇಡಂ. ಆದ್ರೆ ಏರಲ್ಲಿ ಬಿಸಿಲು ಬಿದ್ರೆ
ಅದೇ ಹಳೇ ಗಾಡಿ ವಾಸನೆ.
ನಾಯಿಗಳೂ ಗುರುತು ಹಿಡಿದವು, ಬೊಗಳ್ಲಿಲ್ಲ.'

ತಿಪ್ಪೇಶನಿಗೆ ಹೇಳಿದೆ.
ಕನ್ನಡಕ ಹಣೆಗೇರಿಸಿ ಸ್ವಲ್ಪ ಹೊತ್ತು ನಿಂತ.
'ಎಣ್ಣೆ ತಳ ಕಂಡಿದೆ' ಅಂದ,
'ಈ ಸಲ ಐದು ಲೀಟರ್ ತರಿಸಿ.'