ಎರಡು ಡಬ್ಬಿ, ಒಂದು ಬಾಣ

ಮೊದಲ ವರ್ಷದ ನರ್ಸಿಂಗ್ ಮಕ್ಕಳಿಗೆ
ಬೋರ್ಡಿನ ಮೇಲೆ ನಾನು ಬಿಡಿಸುವುದು ಇಷ್ಟೇ:
ಎಡಕ್ಕೊಂದು ಡಬ್ಬಿ, ಬಲಕ್ಕೊಂದು ಡಬ್ಬಿ,
ನಡುವೆ ಬಾಣ.
ಹೇಳುವವರು. ಕೇಳುವವರು. ಬಾಣದ ಬೆನ್ನ ಮೇಲೆ ಮಾತು.
ಕೆಳಗೆ ಹಿಂದಿರುಗುವ ಇನ್ನೊಂದು, ಸ್ವಲ್ಪ ಸಣ್ಣದು,
ಅದು ಮರುಮಾತು.
ಎರಡಕ್ಕೂ ಅಡ್ಡ ಅಂಕುಡೊಂಕು ಗೆರೆ ಎಳೆದರೆ
ಗದ್ದಲ.
ಐದು ಅಂಕದ ಪ್ರಶ್ನೆ, ಚಿತ್ರಕ್ಕೇ ಎರಡು.

ಗದ್ದಲಕ್ಕೆ ಉದಾಹರಣೆ ಬೇಕೆಂದರೆ
ಕಂಕನಾಡಿಯಲ್ಲಿ ಕಷ್ಟವಿಲ್ಲ.
ಕಿಟಕಿಯಾಚೆ ಸ್ಟೇಟ್‌ಬ್ಯಾಂಕ್ ಸ್ಟೇಟ್‌ಬ್ಯಾಂಕ್ ಎಂದು
ಒಬ್ಬ ಬಸ್ಸಿನ ತಗಡು ಬಡಿಯುತ್ತಾನೆ,
ಮಕ್ಕಳು ನಗುತ್ತಾರೆ, ಬರೆದುಕೊಳ್ಳುತ್ತಾರೆ.

ಆ ಗುರುವಾರ ಹೆಂಗಸರ ವಾರ್ಡು, ಹನ್ನೊಂದನೇ ಮಂಚ.
ಅಪ್ಪಿ ಕರ್ಕೇರ, ಅರವತ್ತೆಂಟು, ಬೆಂಗ್ರೆ.
ಸೊಂಟದ ಆಪರೇಷನ್ ಆಗಿ ಎರಡನೇ ದಿನ.
ಪಯ್ಯನ್ನೂರಿನ ಅನುಮೋಳ್, ಹೊಸ ವಾಚು, ಹೊಸ ಶೂ,
ಆರು ವಾರದಲ್ಲಿ ಕಲಿತ ತುಳುವನ್ನು
ಟ್ರೇಯಿಂದ ಒಂದೊಂದೇ ಎತ್ತಿಡುವ ಹಾಗೆ ಕೇಳಿದಳು:
ಬೇನೆ ಏತುಂಡು ಅಮ್ಮಾ? ಒಂಜಿಡ್ದ್ ಪತ್ತ್ ಮುಟ್ಟ?
ಮುದುಕಿ ಗೋಡೆಯ ಕಡೆ ನೋಡಿ
ದಾಲ ಇಜ್ಜಿ, ಎಂದಳು. ಏನೂ ಇಲ್ಲ.
ಚಾರ್ಟಿನಲ್ಲಿ ದುಂಡಗೆ ಒಂದು ಸೊನ್ನೆ ಬಿತ್ತು.

ಸಹಿಗೆ ನಾನು ಪೆನ್ನು ತೆರೆದಿದ್ದೆ.
ಹೇಳುವವರು ಹೇಳಿಯಾಗಿತ್ತು, ಕೇಳುವವರು ಕೇಳಿಯಾಗಿತ್ತು,
ಬಾಣ ಎರಡೂ ಸರಿ,
ಫ್ಯಾನು ಬಿಟ್ಟರೆ ಗದ್ದಲವೂ ಇಲ್ಲ.

ನೆಲ ಒರೆಸುತ್ತಿದ್ದ ಲೋಲಾಕ್ಷಿ ಕೋಲು ನಿಲ್ಲಿಸಿದಳು.
"ಟೀಚರ್, ಅದು ನಲವತ್ತು ವರ್ಷ ದಕ್ಕೆಯಲ್ಲಿ ಕೂತ ಜೀವ.
ಬಂಗುಡೆಗೆ ಮೊದಲು ಹೇಳಿದ ಕ್ರಯ ಯಾರಾದ್ರೂ ಕೊಡ್ತಾರಾ?
ಇಲ್ಲ ಅಂದ್ರೆ ಅದು ಶುರುವಿನ ರೇಟು ಮಾರಾಯ್ರೆ.
ಇನ್ನೊಮ್ಮೆ ಕೇಳ್ಬೇಕು.
ಎದ್ದು ಹೋಗುವ ಹಾಗೆ ಮಾಡ್ಬೇಕು. ಹೋಗ್ಬಾರ್ದು."
ಮತ್ತೆ ಬಟ್ಟೆಯನ್ನು ಬಕೆಟ್ಟಿಗೆ ಅದ್ದಿದಳು.

ಇಪ್ಪತ್ತೆರಡು ವರ್ಷದ ನನ್ನ ನೋಟ್ಸಿನಲ್ಲಿ
ಚೌಕಾಸಿಗೆ ಡಬ್ಬಿ ಇರಲಿಲ್ಲ.

ಅನುಮೋಳ್ ಸ್ಟೂಲು ಎಳೆದು ಕೂತಳು.
ತುಳು ಮುಗಿದಿತ್ತು ಅವಳ ಹತ್ತಿರ. ಉಳಿದದ್ದು
ಮಾತ್ರೆಯ ಗಾಡಿ ಬರುವವರೆಗಿನ ಹನ್ನೆರಡು ನಿಮಿಷ.
ಮುದುಕಿಯ ಎಡ ಮುಷ್ಟಿಯಲ್ಲಿ ನಲುಗಿದ್ದ
ಹೊದಿಕೆಯ ಅಂಚು ನೋಡಿದಳು,
ನಾನು ಎರಡು ಸಲ ದಾಟಿ ಹೋಗಿದ್ದ ಮುಷ್ಟಿ.
ಇಜ್ಜಾ?
ಇಜ್ಜಿ.
ಏನೂ ಬರೆಯದೆ ಕೂತಳು.
ಆಮೇಲೆ ಕೇಳಲೂ ಇಲ್ಲ.

ಹೊದಿಕೆ ಸಡಿಲಾಯಿತು.
ಬುಟ್ಟಿಯ ಮೇಲೆ ಎತ್ತುವಂತೆ ಎರಡೂ ಕೈ ಮೇಲೆ ಬಂತು,
ಹೆಬ್ಬೆರಳು ಒಳಗೆ ಮಡಚಿ.
"ಎಣ್ಮ," ಎಂದಳು, ಬೈಯುವ ದನಿಯಲ್ಲಿ.
ಅನುಮೋಳಿಗೆ ಒಂದು ಗೊತ್ತಿತ್ತು, ಹತ್ತು ಗೊತ್ತಿತ್ತು,
ನಡುವಿನವು ಗೊತ್ತಿರಲಿಲ್ಲ.
ಬೆರಳು ಎಣಿಸಿದಳು.
ಸೊನ್ನೆಯ ನೆತ್ತಿಗೆ ಇನ್ನೊಂದು ಸೊನ್ನೆ ಕೂರಿಸಿ ಎಂಟು ಮಾಡಿದಳು.
ಚಾರ್ಟಿನಲ್ಲಿ ತಿದ್ದಬಾರದು, ಹೊಡೆದು ಬರೆಯಬೇಕು.
ನಾನು ಸುಮ್ಮನೆ ಡ್ಯೂಟಿ ಡಾಕ್ಟರಿಗೆ ಫೋನು ಹಚ್ಚಿದೆ.

ಸಂಜೆ ಸುರತ್ಕಲ್ ಬಸ್ಸು, ಕುಳೂರು ಸೇತುವೆ.
ಕಳೆದ ಭಾನುವಾರ ಶಿರ್ವದ ತಂಗಿ ಬೆನೆಡಿಕ್ಟಾ,
ಎಂತಾಯ್ತೆಂದು ಕೇಳಿದ್ದಕ್ಕೆ
ಕಾಂಯ್ ನಾ, ಎಂದಿದ್ದಳು.
ನಮ್ಮ ಮನೆಮಾತಿನ ಏನೂ ಇಲ್ಲ.
ನಾನು ಸೊನ್ನೆ ಹಾಕಿಕೊಂಡು
ಕುಕ್ಕರಿನ ಮೂರನೇ ವಿಸಿಲಿಗೆ ಎದ್ದು ಹೋಗಿದ್ದೆ.

ಈಗ ಮತ್ತೆ ಕರೆದೆ.
ಗ್ಯಾಸಿನ ಟ್ಯಾಂಕರು ಹಾರನ್ನು ಒತ್ತಿ ಹಿಡಿದು ಪಕ್ಕದಲ್ಲೇ ದಾಟಿತು,
ಅವಳ ಹಲೋ ಅದರಡಿಗೆ ಸಿಕ್ಕಿ ಅರ್ಧ ಬಂತು.
ಎಂತ ಮಾಡ್ತಿದ್ದೀ?
ಕಾಂಯ್ ನಾ.
ಇಡ್ಲಾ ಅಕ್ಕ?
ನಾನು ಹೂಂ ಅನ್ನಲಿಲ್ಲ.
ಆಚೆ ನಲ್ಲಿಯಲ್ಲಿ ನೀರು ಬಿದ್ದು, ನಿಂತಿತು.
ಉಸಿರು ಕೇಳುತ್ತಿತ್ತು, ಅವಳದೋ ನನ್ನದೋ.

ಪಣಂಬೂರು. ನಾನು ಇಳಿಯಬೇಕು.
ದಿನಾ ಇಳಿಸುವ ಕಂಡಕ್ಟರ್ ಬಾಗಿಲಲ್ಲಿ ನಿಂತು
ನನ್ನತ್ತ ಹುಬ್ಬು ಹಾರಿಸಿದ.
ಫೋನು ಕಿವಿಗೊತ್ತಿಕೊಂಡೇ ತಲೆ ಅಲ್ಲಾಡಿಸಿದೆ.
ಅವನು ಎರಡು ಸಲ ವಿಸಿಲ್ ಊದಿದ.