ಎರಡನೇ ಗುಂಡಿ

ಜೆಪ್ಪುವಿನ ಇಳಿಜಾರಿನಲ್ಲಿ, ಹಂಚಿನ ಕಾರ್ಖಾನೆಯ ಚಿಮಣಿ ಕಾಣುವಲ್ಲಿ
ನನ್ನನ್ನು ಬಿಟ್ಟುಹೋದರು. ಆರು ವರ್ಷ ನನಗೆ.
ಹೆಸರು ಅಂತ ಒಂದಿರುತ್ತದೆ ಎಂದು ಅಲ್ಲಿಯವರೆಗೆ ಗೊತ್ತಿರಲಿಲ್ಲ.
ದೊಡ್ಡ ಪುಸ್ತಕದಲ್ಲಿ ಏನೋ ಬರೆದುಕೊಂಡರು.
ಅಪ್ಪ ಹೆಬ್ಬೆರಳೊತ್ತಿದ, ಶಾಯಿಯನ್ನು
ಪಂಚೆಗೆ ಒರೆಸುತ್ತ ಗೇಟು ದಾಟಿದ.

ಆ ರಾತ್ರಿ ಇಸುಬು ಬಂದು ಎದುರಿಗೆ ಕೂತ.
ನನ್ನ ಅಂಗಿಯಲ್ಲಿ ಎರಡನೇ ಗುಂಡಿ ಇರಲಿಲ್ಲ.
ಅವನು ತನ್ನ ಎದೆಯನ್ನು ಎರಡು ಬೆರಳಲ್ಲಿ ಚಿವುಟಿ
ಇಲ್ಲದ್ದೊಂದನ್ನು ಕಿತ್ತು ಗಾಳಿಗೆಸೆದ. ನನ್ನ ಕಡೆ ತೋರಿಸಿದ.
ಮತ್ತೆ ಚಿವುಟಿದ, ಎಸೆದ, ತೋರಿಸಿದ.
ಓ. ಅದು ನಾನು.
ಗುಲಾಬಿಯಕ್ಕ ಮರುದಿನವೇ ಗುಂಡಿ ಹೊಲಿದರು.
ಹೆಸರು ಹಾಗೇ ಉಳಿಯಿತು.

ಕಿವಿ ಕೇಳದವರ ಶಾಲೆಗೊಂದು ಹಿತ್ತಾಳೆಯ ಗಂಟೆ.
ದೂಮಪ್ಪ ದಿನಕ್ಕೆ ಎಂಟು ಸಲ
ನಿಷ್ಠೆಯಿಂದ ಬಾರಿಸುತ್ತಿದ್ದ.
ಯಾರಿಗೋಸ್ಕರ ಅಂತ ಯಾರೂ ಕೇಳಲಿಲ್ಲ.
ಅವನ ತೋಳು ಮೇಲೆದ್ದದ್ದು ಕಂಡರೆ ಸಾಕು,
ತಟ್ಟೆ ಹಿಡಿದು ಗಂಜಿಯ ಸಾಲಿಗೆ ಓಟ.

ಬೆನಡಿಕ್ಟಾ ಟೀಚರ ಮೇಜಿನ ಮೇಲೆ ಕನ್ನಡಿ.
ತುಟಿಯೆದುರು ಕಾಗದದ ಚೂರು.
ಅಪ್ಪ ಅಂದರೆ ಚೂರು ಹಾರಬೇಕು.
ಅಮ್ಮ ಅಂದರೆ ಹಾರಬಾರದು, ಮೂಗಿನ ಬದಿ ನಡುಗಬೇಕು.
ಕನ್ನಡಿಯಲ್ಲಿ ನೋಡಿದರೆ ಇಬ್ಬರೂ ಒಂದೇ.
ಅವರಿಬ್ಬರನ್ನು ಬೇರೆ ಮಾಡಲು ವರ್ಷವೇ ಹಿಡಿಯಿತು,
ನನ್ನ ಅಮ್ಮ ಹಾರುತ್ತಲೇ ಇದ್ದಳು.
ಟೀಚರ್ ನನ್ನ ಅಂಗೈಯನ್ನು ತಮ್ಮ ಗಂಟಲಿಗೆ ಒತ್ತಿಕೊಳ್ಳುತ್ತಿದ್ದರು.
ಬೆಚ್ಚಗೆ, ಒಳಗೊಂದು ಬೆಕ್ಕಿನ ಮರಿ ಮಲಗಿದ ಹಾಗೆ.
ಆ ಗಂಟಲಿಗೋಸ್ಕರ ಕೆಲವು ದಿನ
ಬೇಕಂತಲೇ ತಪ್ಪಿದ್ದೇನೆ.

ತರಗತಿಯಲ್ಲಿ ಕೈಮಾತು ಕೂಡದು.
ಬೇರೆ ಶಾಲೆಯಲ್ಲಿ ಬಾಯಿ ಮುಚ್ಚು ಅನ್ನುತ್ತಾರಂತೆ,
ನಮ್ಮಲ್ಲಿ, ಕೈ ಕಟ್ಟು.
ಕಟ್ಟಿದ ಕೈಯ ಕಂಕುಳಡಿಯಲ್ಲಿ ಬೆರಳಾಡಿಸಿ
ಇನಾಸ ಹೇಳಿದ ಜೋಕಿಗೆ ನಕ್ಕು
ನಾಲ್ವರು ಬೆಂಚಿನ ಮೇಲೆ ನಿಂತಿದ್ದೇವೆ.

ರಾತ್ರಿ ಒಂಬತ್ತಕ್ಕೆ ದೀಪ ಆರಿಸುತ್ತಿದ್ದರು.
ದೀಪ ಆರಿತೋ, ಮಾತೂ ಆರಿತು,
ಅರ್ಧ ಹೇಳಿದ್ದು ಕೈಯಲ್ಲೇ ಉಳಿದು
ಬೆಳಗಿನವರೆಗೆ ತುರಿಸುತ್ತಿತ್ತು.
ಅದಕ್ಕೇ ಕಿಟಕಿ ಪಕ್ಕದ ಮಂಚಕ್ಕೆ ಜಗಳ.
ಬೀದಿದೀಪದಿಂದ ಒಂದು ಮೊಳ ಬೆಳಕು, ಅದರಲ್ಲಿ ಆರು ಜನರ ಕೈ.
ಬೆಳಕು ಸಿಗದವರಿಗೆ ಅಂಗೈ ಮೇಲೆ ಗೀಚಿ ದಾಟಿಸುವುದು.
ಕೆಳಗೆ ಹಳಿಯಲ್ಲಿ ಗೂಡ್ಸು ರೈಲು ಬಂದರೆ
ಮಂಚದ ಕಬ್ಬಿಣಕ್ಕೆ ಹಲ್ಲು ತಾಗಿಸಿ ಡಬ್ಬಿ ಎಣಿಸುತ್ತಿದ್ದೆವು.
ನಲವತ್ತೊಂದು, ಇಸುಬು.
ನಲವತ್ತು, ನಾನು.

ಮೇ ತಿಂಗಳಿಗೆ ಉಚ್ಚಿಲದ ಮನೆ.
ಮೊದಲ ರಜೆಯಲ್ಲಿ, ಬಾಗಿಲಲ್ಲೇ ನಿಂತು
ಉಸಿರು ಹಿಡಿದು ಅಮ್ಮ ಅಂದೆ.
ಅಪ್ಪ ತಿರುಗಿ ನೋಡಿದ.
ಊಟಕ್ಕೆ ಕೂತಾಗ ಎಲ್ಲರೂ ಏನಕ್ಕೋ ನಗುವರು.
ಏನು ಎಂದರೆ ಅಮ್ಮ ಬಂಗುಡೆಯ ಮುಳ್ಳು ಬಿಡಿಸಿ ನನ್ನ ಬಾಯಿಗಿಟ್ಟು
ಅಂಗೈ ಅಲ್ಲಾಡಿಸುವಳು: ಆಮೇಲೆ.
ಒಂಬತ್ತು ಮೇ ತಿಂಗಳುಗಳ ಆಮೇಲೆ
ಬಾಕಿ ಬರಬೇಕು ನನಗೆ.

ಮೊನ್ನೆ ಬಂದರಿನಲ್ಲಿ ಬೆಂಗ್ರೆಯ ದೋಣಿ ಆಗಷ್ಟೇ ಹೊರಟಿತ್ತು.
ಎರಡು ಸೈಕಲ್ಲುಗಳ ನಡುವೆ ಕೂತವನ
ಗಡ್ಡ ನರೆತಿತ್ತು, ಕೈ ನರೆತಿರಲಿಲ್ಲ.
ಎಂಜಿನ್ನಿನ ಗದ್ದಲದಲ್ಲಿ ಮಿಕ್ಕವರೆಲ್ಲ
ಫೋನನ್ನು ಕಿವಿಗೊತ್ತಿ ಕಿರುಚುತ್ತಿದ್ದರು.
ನಾವಿಬ್ಬರು ನೀರಿನಾಚೆಯಿಂದ ನಿಧಾನಕ್ಕೆ ಮಾತಾಡಿದೆವು.
ಗುಲಾಬಿಯಕ್ಕ ಹೋದರಂತೆ.
ಹಾಸ್ಟೆಲ್ಲಿದ್ದಲ್ಲಿ ಫ್ಲಾಟು ಎದ್ದಿದೆ.
ಗಂಟೆ ಯಾರ ಪಾಲಾಯಿತೋ.
ನಲವತ್ತೊಂದೇ, ಅಂದ.

ಅರ್ಧ ಹೊಳೆ ದಾಟುವಷ್ಟರಲ್ಲಿ ಬೆರಳುಗಳು ಕಲಸಿಹೋದವು.
ತೋಳು ಮಾತ್ರ ಕಾಣುತ್ತಿತ್ತು.
ಎದ್ದು ನಿಂತ. ಎದೆಯಿಂದ ಏನನ್ನೋ ಕಿತ್ತು
ನೀರಿಗೆಸೆದ.

ನಾನು ಅಂಗಿ ಮುಟ್ಟಿ ನೋಡಿಕೊಂಡೆ.